ಹೆಸರಿಲ್ಲದ ಬಟನ್ನು

ಹೋದ ವಾರ ಶ್ರೀರಂಗಪಟ್ಟಣದಿಂದ ಅರಕೆರೆಗೆ ಬರುವ ಬಸ್ಸಿನಲ್ಲಿ ನನ್ನ ಹಿಂದಿನ ಸೀಟಿನಿಂದ ಒಂದು ಸದ್ದು ಕೇಳಿಸಿತು. ಹುರಿಗಡಲೆಯನ್ನು ತಗಡಿನ ಮೇಲೆ ಸುರಿದಂಥ, ಎಲ್ಲೂ ಉಸಿರು ತೆಗೆದುಕೊಳ್ಳದ ಸದ್ದು. ಪಕ್ಕದಲ್ಲಿದ್ದ ಹೆಂಗಸು ಯಾರದೋ ಮೊಬೈಲು ಕೆಟ್ಟುಹೋಗಿದೆ ಅಂದರು. ತಿರುಗಿ ನೋಡಿದರೆ ಒಬ್ಬಳು ಕಾಲೇಜು ಹುಡುಗಿ. ಮಡಚಿದ ಬಿಳಿ ಕೋಲು ತೊಡೆಯ ಮೇಲಿತ್ತು, ಫೋನು ಕಿವಿಯ ಹತ್ತಿರವಿತ್ತು, ಬೆರಳು ಗಾಜಿನ ಮೇಲೆ ಸರ್ರನೆ ಓಡಾಡುತ್ತಿತ್ತು. ಬಸ್ಸು ತುಂಬ ಜನ. ಅಷ್ಟು ಜನರಲ್ಲಿ ಆ ಸದ್ದು ಕನ್ನಡವಾಗಿ ಕೇಳುತ್ತಿದ್ದದ್ದು ಆ ಹುಡುಗಿಗೆ ಮತ್ತು ನನಗೆ ಮಾತ್ರ. 'ಅಮ್ಮ, ಮೂರು ಮಿಸ್ಡ್ ಕಾಲ್, ಹನ್ನೊಂದು ನಿಮಿಷದ ಹಿಂದೆ' ಅಂತ ಅದು ಹೇಳುತ್ತಿತ್ತು. ಮೊದಲು ಅಮ್ಮನಿಗೆ ಫೋನು ಮಾಡಮ್ಮ ಎಂದು ಬಾಯಿಬಿಡುವುದರಲ್ಲಿದ್ದೆ. ಇನ್ನೊಬ್ಬರ ಕಾಗದ ಕದ್ದು ಓದಿದ ಹಾಗಾಯಿತಲ್ಲ ಎಂದು ಹೊಳೆದು ಸುಮ್ಮನಾದೆ. ಆದರೆ ಒಳಗಿನ ಹಿಗ್ಗು ಸುಮ್ಮನಾಗಲಿಲ್ಲ. ಈ ವಯಸ್ಸಿಗೆ ನನಗೆ ಹೊಸದಾಗಿ ಬಂದ ವಿದ್ಯೆ ಇದೊಂದೇ. ಕಲಿಸಿದವನು ನಿಂಗಣ್ಣ.

ನಿಂಗಣ್ಣ ಅಂದರೆ ನಿಂಗೇಗೌಡ. ಅರಕೆರೆಯಲ್ಲಿ ಒಂದೇ ಬೀದಿಯಲ್ಲಿ ಹುಟ್ಟಿ ಒಂದೇ ಬೆಂಚಿನಲ್ಲಿ ಕೂತು ಓದಿದವರು ನಾವು. ಅವನು ಗದ್ದೆ, ಹಸು ಅಂತ ಊರಲ್ಲೇ ಉಳಿದ. ನಾನು ಸರ್ಕಾರಿ ಬಸ್ಸಿನ ಕೆಲಸಕ್ಕೆ ಸೇರಿ ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಎಂದು ಊರೂರಿನ ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿ, ಗಾಜಿನ ಗೂಡಿನೊಳಗೆ ಕೂತು ಮೈಕಿನಲ್ಲಿ ಬಸ್ಸು ಕೂಗಿದವನು. ನನ್ನ ದನಿಯ ಬಗ್ಗೆ ನನಗೆ ಸ್ವಲ್ಪ ಅಭಿಮಾನ. 'ಸ್ವಲ್ಪ' ಅನ್ನುವುದನ್ನು ನನ್ನ ಹೆಂಡತಿ ಒಪ್ಪುವುದಿಲ್ಲ. ನಾನು 'ನಾಗಮಂಗಲ' ಎಂದು ಎಳೆದು ಕೂಗಿದರೆ ಮೇಲುಕೋಟೆಗೆ ಹೋಗಬೇಕಾದವರೂ ಆ ಬಸ್ಸು ಹತ್ತಿಬಿಡುತ್ತಿದ್ದರು ಅಂತ ಹೇಳಿಕೊಂಡು ತಿರುಗುತ್ತೇನೆ. ಒಂದು ಸಲ ಒಬ್ಬರು ನಿಜವಾಗಿಯೂ ಹತ್ತಿದ್ದರು. ಪಾಪ, ಅವರಿಗೆ ಕಿವಿ ಮಂದ.

ನಾನು ರಿಟೈರ್ ಆಗಿ ಊರಿಗೆ ಬಂದಾಗ ನಿಂಗಣ್ಣನ ಕಣ್ಣು ಪೂರ್ತಿ ಹೋಗಿ ಒಂದು ವರ್ಷವಾಗಿತ್ತು. ಗ್ಲಾಕೋಮ ಅಂದರಂತೆ ಡಾಕ್ಟರು. ನೋವಿಲ್ಲ, ಕೆಂಪಾಗಲಿಲ್ಲ, ನೋಟ ಅಂಚಿನಿಂದ ಒಳಗೊಳಗೇ ಸವೆಯುತ್ತ ಬಂತು. ಕೊಟ್ಟಿಗೆಯ ಗೂಟ ಎಡವುತ್ತಿದ್ದವನು ವಯಸ್ಸಾಯಿತು ಅಂದುಕೊಂಡು ಸುಮ್ಮನಿದ್ದುಬಿಟ್ಟಿದ್ದ. ನಾನು ನೋಡಲು ಹೋದ ದಿನ ಜಗಲಿಯ ಮೇಲೆ ಗೋಡೆಗೆ ಮುಖ ಮಾಡಿ ಕೂತಿದ್ದ. ಬೀದಿ ಯಾವ ಕಡೆ ಇದ್ದರೇನು ಅನ್ನುವ ಹಾಗೆ. ಅವನ ಹೆಂಡತಿ ರತ್ನಮ್ಮ ನನ್ನನ್ನು ಪಕ್ಕಕ್ಕೆ ಕರೆದು, ದಿನಾ ಒಂದು ಗಳಿಗೆ ಬಂದು ಪೇಪರ್ ಓದಿ ಹೇಳಿ, ಮನುಷ್ಯ ಮಾತೇ ಬಿಟ್ಟವ್ರೆ ಎಂದು ಕೇಳಿಕೊಂಡರು. ಪೇಪರು ಓದುವುದಕ್ಕೆ ಕರೆಯುವುದೂ ನನಗೆ ಮೈಕು ಕೊಡುವುದೂ ಒಂದೇ. ಮಾರನೆಯ ದಿನದಿಂದಲೇ ಶುರು.

ಮೂರನೆಯ ದಿನದ ಪೇಪರಿನಲ್ಲಿ ಒಂದೂ ಒಳ್ಳೆಯ ಸುದ್ದಿ ಇರಲಿಲ್ಲ. ಅಪಘಾತ, ಸಾವು, ಜಗಳ. ಓದುತ್ತ ಓದುತ್ತ ಅವನ ಮುಖ ಮತ್ತೆ ಗೋಡೆಯ ಕಡೆ ತಿರುಗುವುದನ್ನು ಕಂಡು ನನಗೇನಾಯಿತೋ, ಕೈಯಲ್ಲಿದ್ದ ಹಾಳೆಯನ್ನು ಸರಸರ ಮಗುಚಿ, ಅಚ್ಚಾಗದೇ ಇದ್ದ ಒಂದು ಸುದ್ದಿಯನ್ನು ಗಂಭೀರವಾಗಿ ಓದಿಬಿಟ್ಟೆ. ಕರಿಘಟ್ಟದಲ್ಲಿ ಚಿರತೆ ಕಾಣಿಸಿಕೊಂಡಿದೆ. ದೇವಸ್ಥಾನದ ಮೆಟ್ಟಿಲ ಮೇಲೆ ಕೂತು ಪ್ರಸಾದದ ಪುಳಿಯೋಗರೆಯನ್ನು ಮೂಸಿ, ಇಷ್ಟವಾಗದೆ ಎದ್ದುಹೋಯಿತು. ನಿಂಗಣ್ಣ ನಕ್ಕ. ಒಂದು ವರ್ಷದ ಮೇಲೆ ನಕ್ಕದ್ದು ಅಂತ ರತ್ನಮ್ಮ ಆಮೇಲೆ ಹೇಳಿದರು.

ಮುಗಿಯಿತಲ್ಲ, ಇನ್ನು ಚಿರತೆಯನ್ನು ಸಾಯಿಸುವವರು ಯಾರು? ವಾರಕ್ಕೊಂದು ಸಲ ಅದು ಸುದ್ದಿಯಾಯಿತು. ಲೋಕಪಾವನಿ ಹೊಳೆ ದಾಟಿತು, ಮರಿ ಹಾಕಿತು, ಕೆ.ಆರ್. ಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿಯಿತು. ನಮ್ಮ ಕಡೆ ಚಿರತೆಯ ಸುದ್ದಿಗೆ ಯಾರೂ ಸಾಕ್ಷಿ ಕೇಳುವುದಿಲ್ಲ, ಕಬ್ಬಿನ ಗದ್ದೆಯಲ್ಲಿ ನಿಜವಾದವೇ ಬೇಕಾದಷ್ಟಿವೆ. ರತ್ನಮ್ಮನವರಿಗೆ ಗೊತ್ತಿತ್ತು. ಗಂಡ ಮುದ್ದೆ ಸರಿಯಾಗಿ ಉಣ್ಣುತ್ತಾನೆ ಅಂತ ಕಂಡು ಅವರೂ ಬಾಯಿ ಬಿಡಲಿಲ್ಲ. ಹೀಗೆ ನಾಲ್ಕು ವರ್ಷ ನಡೆಯಿತು. ನಾನು ಮಾಡುತ್ತಿದ್ದದ್ದು ಉಪಕಾರ ಅಂತ ಪ್ರಾಮಾಣಿಕವಾಗಿ ನಂಬಿದ್ದೆ.

ಆಮೇಲೆ ಸುಧಾ ರಜೆಗೆ ಬಂದಳು. ಸುಧಾ ಅವರ ಮಗಳು, ಆದಿಚುಂಚನಗಿರಿ ಕಡೆ ಆಸ್ಪತ್ರೆಯಲ್ಲಿ ನರ್ಸು. ಅಲ್ಲಿಗೆ ತಾಯಿಯನ್ನು ಕರೆದುಕೊಂಡು ಬಂದಿದ್ದ ಕಣ್ಣಿಲ್ಲದ ಮೇಷ್ಟ್ರೊಬ್ಬರು ವಾರ್ಡಿನ ಬೆಂಚಿನ ಮೇಲೆ ಕೂತು ತಮ್ಮ ಫೋನಿನಲ್ಲಿ ತಾವೇ ಓದುವುದನ್ನೂ ಬರೆಯುವುದನ್ನೂ ನೋಡಿ ಬೆರಗಾಗಿ, ಎಲ್ಲವನ್ನೂ ಕೇಳಿ ಕಲಿತುಕೊಂಡು ಬಂದಿದ್ದಳು. ಮನೆಯಲ್ಲಿ ಅಮ್ಮ ಇಟ್ಟುಕೊಂಡಿದ್ದ ಫೋನು ತೆಗೆದು ಎಲ್ಲೋ ಒಳಗೆ ಒಂದು ಸೆಟ್ಟಿಂಗು ಒತ್ತಿದಳು, ಅಷ್ಟೇ. ಹೊಸ ಫೋನು ತರಲಿಲ್ಲ. ಆ ವಿದ್ಯೆ ಅಷ್ಟು ದಿನವೂ ಅದರ ಹೊಟ್ಟೆಯೊಳಗೇ ಮಲಗಿತ್ತು.

ಎದ್ದ ಮೇಲೆ ಅದು ಬಾಯಿ ಮುಚ್ಚಲಿಲ್ಲ. ಬೆರಳು ಇಟ್ಟಲ್ಲೆಲ್ಲ ಮಾತು. 'ಸಕ್ರಿಯಗೊಳಿಸಲು ಎರಡು ಬಾರಿ ತಟ್ಟಿ' ಎಂದು ಒಬ್ಬ ಹೆಂಗಸು ಬಹಳ ಮರ್ಯಾದೆಯಿಂದ ಹೇಳಿದಳು. ಯಾರನ್ನು ತಟ್ಟಬೇಕಂತೆ ಎಂದು ನಿಂಗಣ್ಣ ಕೇಳಿದ. ನಾನು ಸಹಾಯ ಮಾಡುತ್ತೇನೆಂದು ಫೋನು ಇಸಿದುಕೊಂಡೆ. ನೋಡಿ, ಕಣ್ಣಿರುವವರ ಕೈಗೆ ಆ ಸ್ಥಿತಿಯಲ್ಲಿರುವ ಫೋನು ಸಿಗಲೇಬಾರದು. ಮುಟ್ಟಿದರೆ ತೆರೆಯುವುದಿಲ್ಲ, ಹೆಸರು ಹೇಳುತ್ತದೆ. ಸರಿಸಿದರೆ ಸರಿಯುವುದಿಲ್ಲ, ಪಕ್ಕದವರ ಹೆಸರು ಹೇಳುತ್ತದೆ. ನನ್ನ ಪ್ರತಿ ತಪ್ಪನ್ನೂ ಆಯಮ್ಮ ಗಟ್ಟಿಯಾಗಿ ಸಾರುತ್ತ ಹೋದಳು. ಕೊನೆಗೆ ನನ್ನ ಬೆರಳು ಹಾಲಿನ ಡೈರಿಯ ಸೆಕ್ರೆಟರಿಗೆ ಮೂರು ಸಲ ಫೋನು ಮಾಡಿತು. ಮೂರನೆಯ ಸಲ ಆತ ಮನೆಗೇ ಬಂದುಬಿಟ್ಟ, ಏನಾಯಿತೋ ಎಂದು.

ನಿಂಗಣ್ಣನಿಗೆ ಮಾತ್ರ ಇಪ್ಪತ್ತು ದಿನ ಸಾಕಾಯಿತು. ದನಗಳ ಗೊರಸಿನ ಸದ್ದಿನಲ್ಲಿ ಯಾರ ಮನೆಯ ಹಸು ಎಂದು ಹೇಳುತ್ತಿದ್ದವನ ಕಿವಿ ಅದು. ಆ ದನಿ ನಿಧಾನ ಎನ್ನಿಸಿ ಓಟ ಹೆಚ್ಚಿಸಿದ, ಇನ್ನೂ ಹೆಚ್ಚಿಸಿದ, ಕೊನೆಗೆ ನನಗೆ ಹುರಿಗಡಲೆಯ ಹಾಗೆ ಕೇಳುವವರೆಗೆ ತಂದು ನಿಲ್ಲಿಸಿದ. ಗೋಡೆಯ ಕಡೆ ಇದ್ದ ಮುಖ ಬೀದಿಗೆ ತಿರುಗಿತು. ದಾರಿಯಲ್ಲಿ ಹೋಗುವವರನ್ನು ಕರೆದು ಜಲಾಶಯದಲ್ಲಿ ಎಷ್ಟಡಿ ನೀರಿದೆ ಎಂದು ತಾನೇ ಹೇಳತೊಡಗಿದ. ನನಗೆ ಸಂತೋಷವಾಗಬೇಕಿತ್ತು, ಆಯಿತು ಕೂಡ. ಆದರೆ ನನ್ನ ಮೂವತ್ತು ವರ್ಷದ ಮೈಕಿನ ದನಿಯನ್ನು ಉಸಿರಾಡದ ಒಬ್ಬ ಹೆಂಗಸು ಮೂಲೆಗೆ ತಳ್ಳಿದಳಲ್ಲ ಎಂಬ ಉರಿಯೂ ಇತ್ತು. ಅದರ ಕೆಳಗೆ ಇನ್ನೊಂದು ದಿಗಿಲು, ನಿಮಗೆ ಗೊತ್ತೇ ಇದೆ.

ಒಂದು ಬೆಳಿಗ್ಗೆ ನಾನು ಹೋಗಿ ಕೂತಾಗ ನಿಂಗಣ್ಣ ಫೋನನ್ನು ಮೊಣಕಾಲ ಮೇಲೆ ಮಗುಚಿಟ್ಟುಕೊಂಡಿದ್ದ. ನಾಲ್ಕು ವರ್ಷದ ಸುದ್ದಿಯನ್ನೆಲ್ಲ ಹುಡುಕಿಸಿದ್ದೇನೆ ಅಂದ. ಕರಿಘಟ್ಟ ಸಿಕ್ಕಿತು, ಮೆಟ್ಟಿಲು ಸಿಕ್ಕಿತು, ಕೆ.ಆರ್. ಪೇಟೆ ಬಸ್‌ಸ್ಟ್ಯಾಂಡೂ ಸಿಕ್ಕಿತು, ನೀನು ಓದಿದ ಚಿರತೆ ಮಾತ್ರ ಸಿಗಲಿಲ್ಲ. ನಾನು ನಗಲು ನೋಡಿದೆ. ಅವನು ನಗಲಿಲ್ಲ.

"ನಿಂಗದು ತಮಾಸೆ ಕಣ್ಲಾ. ನಂಗೆ ನೀನು ಓದಿದ್ದೇ ಪ್ರಪಂಚ ಆಗಿತ್ತು. ಈಗ ಯಾವ್ದು ನಿಜ, ಯಾವ್ದು ನೀನು ಕಟ್ಟಿದ್ದು ಅಂತ ನಾನೆಂಗೆ ತಿಳ್ಕಳ್ಳಿ?"

ಎದ್ದು ಬಂದೆ. ಮಾರನೆಯ ದಿನ ಹೋಗಲಿಲ್ಲ. ಅವನೂ ಹೇಳಿಕಳಿಸಲಿಲ್ಲ. ನಾಲ್ಕು ಮನೆಯಾಚೆಗಿನ ಆ ಜಗಲಿಯನ್ನು ತಪ್ಪಿಸಲು ನಾನು ಅಂಗಡಿಗೆ ಹಿಂದಿನ ಬೀದಿಯಲ್ಲಿ ಸುತ್ತಿಕೊಂಡು ಹೋಗುತ್ತಿದ್ದೆ. ಕಣ್ಣಿಲ್ಲದವನ ಕಣ್ಣಿಗೆ ಬೀಳಬಾರದು ಎಂದು ಬೀದಿ ಸುತ್ತುವ ಪೆದ್ದ ಜಿಲ್ಲೆಗೆ ನಾನೊಬ್ಬನೇ ಇದ್ದೆ.

ಒಂದು ತಿಂಗಳು ಕಳೆಯಿತು. ಆ ನಡುವೆ ನಿಂಗಣ್ಣನ ಹೊಲದ ಬೋರಿನ ಸ್ಟಾರ್ಟರಿಗೆ ಸಿಡಿಲು ಹೊಡೆದು ಸುಟ್ಟುಹೋಯಿತು. ಹಳೆಯದು ಒಳ್ಳೆಯ ಡಬ್ಬಿ. ಮನೆಯಿಂದ ಅದಕ್ಕೆ ಫೋನು ಮಾಡಿದರೆ ತಾನೇ ಮೋಟಾರು ಓಡಿಸಿ, ಓಡುತ್ತಿದೆ ಎಂದು ಬಾಯಿಬಿಟ್ಟು ಹೇಳುತ್ತಿತ್ತು. ಕಣ್ಣು ಹೋದ ಮೇಲೂ ಅವನ ಕೈಯಲ್ಲೇ ಉಳಿದಿದ್ದ ಬೇಸಾಯ ಅಂದರೆ ಆ ನೀರು ಬಿಡುವ ಕೆಲಸ ಒಂದೇ. ಹೊಸ ಡಬ್ಬಿ ಬೇರೆ ಕಂಪನಿಯದು, ಅದಕ್ಕೆ ಫೋನಿನಲ್ಲಿ ಒಂದು ಆ್ಯಪು. ಚೆಂದದ ಆ್ಯಪಂತೆ, ಕೆಂಪು ಹಸಿರು ಬಣ್ಣವಂತೆ. ನಿಂಗಣ್ಣ ಬೆರಳಿಟ್ಟರೆ ಆಯಮ್ಮ 'ಬಟನ್' ಅಂದಳು. ಪಕ್ಕಕ್ಕೆ ಸರಿಸಿದರೆ 'ಬಟನ್'. ಕೆಳಗೆ, 'ಬಟನ್'. ಆರು ಬಟನ್ನಿಗೂ ಹೆಸರಿಲ್ಲ. ಲೋಕದ ಸುದ್ದಿಯನ್ನೆಲ್ಲ ಓದುವವಳಿಗೆ ಅಲ್ಲಿ ಓದಲು ಏನನ್ನೂ ಬರೆದಿಟ್ಟಿರಲಿಲ್ಲ.

ಇದೊಂದೂ ನನಗೆ ಗೊತ್ತಿರಲಿಲ್ಲ. ಆ ದಿನ ಕೆ.ಆರ್. ಪೇಟೆಯಲ್ಲಿ ಮದುವೆ. ಹೆಂಡತಿ ಹಿಂದಿನ ದಿನವೇ ಹೋಗಿದ್ದಳು. ನಾನು ಜರಿಯಂಚಿನ ಬಿಳಿ ಪಂಚೆ, ಇಸ್ತ್ರಿ ಮಾಡಿದ ಶರಟು, ಮೇಲೊಂದು ಶಲ್ಯ ಹಾಕಿಕೊಂಡು, ಜಗಲಿ ತಪ್ಪಿಸಲು ಬಸ್ಸಿನ ರಸ್ತೆಗೆ ಹೊಲದ ಸುತ್ತುದಾರಿ ಹಿಡಿದೆ. ಅದು ನಿಂಗಣ್ಣನ ಬೀನ್ಸ್ ಹೊಲದ ನಡುವಿನ ಬದುವಿನ ಮೇಲೆ ಹಾದುಹೋಗುತ್ತದೆ. ಸರಿಯಾಗಿ ನಡುವಿಗೆ ಬಂದಾಗ ಕಾಲ ಕೆಳಗೆ ಪೈಪು ಗುರುಗುಟ್ಟಿತು, ಎಂಟೂ ಸ್ಪ್ರಿಂಕ್ಲರುಗಳು ಒಟ್ಟಿಗೆ ಎದ್ದು ನನ್ನ ಮೇಲೆ ಬಿದ್ದವು.

ಓಡಿದೆ. ನಿಂತಿತು. ಉಸಿರು ಬಿಟ್ಟು ಪಂಚೆ ಹಿಂಡಿಕೊಳ್ಳುವಷ್ಟರಲ್ಲಿ ಮತ್ತೆ ಎದ್ದಿತು. ಮತ್ತೆ ನಿಂತಿತು. ನಾನು ಹೆಜ್ಜೆ ಇಟ್ಟರೆ ಶುರುವಾಗುತ್ತದೆ, ನಿಂತರೆ ನಿಲ್ಲುತ್ತದೆ ಅನ್ನಿಸಿ ಒಂದು ಕಾಲೆತ್ತಿಕೊಂಡು ಕೊಕ್ಕರೆಯ ಹಾಗೆ ನಿಂತೂ ನೋಡಿದೆ. ಆಗಲೂ ಹೊಡೆಯಿತು. ನಾಲ್ಕನೆಯ ಸಲಕ್ಕೆ ನನಗೆ ನಗು ಬಂತು. ಹೊಲದ ಮಧ್ಯೆ ಒಬ್ಬನೇ, ಮೈಯೆಲ್ಲ ಒದ್ದೆ, ಶಲ್ಯ ಬೀನ್ಸ್ ಕಡ್ಡಿಗೆ ಸಿಕ್ಕಿಕೊಂಡಿದೆ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೇನೆ. ಆಮೇಲೆ ನೀರು ನಿಲ್ಲಲೇ ಇಲ್ಲ, ಹೊಲ ಕೆಸರಾಗತೊಡಗಿತು. ಆಗ ನಗು ನಿಂತಿತು. ಅಲ್ಲಿ ಯಾರೋ ಈ ಮೋಟಾರನ್ನು ನಿಲ್ಲಿಸಲು ನೋಡುತ್ತಿದ್ದಾರೆ, ಆಗುತ್ತಿಲ್ಲ, ಆ ಯಾರೋ ಯಾರು ಅನ್ನುವುದು ಹೊಳೆಯಿತು.

ಹಾಗೇ ನೀರು ಸುರಿಸಿಕೊಂಡು ಜಗಲಿಗೆ ಓಡಿದೆ. ನಿಂಗಣ್ಣ ಫೋನನ್ನು ಎರಡು ಕೈಯಲ್ಲಿ ಹಿಡಿದು ಬೆವೆತುಹೋಗಿದ್ದ. ನನ್ನ ಚಪ್ಪಲಿಯ ಪಚಪಚ ಕೇಳಿದವನೇ, ಒಂದು ತಿಂಗಳ ಸಿಟ್ಟು ಮರೆತು, ನಿಂತಿತಾ ಎಂದು ಕೇಳಿದ. ಓಡುತ್ತಲೇ ಇದೆ ಅಂದೆ. ಫೋನು ಇಸಿದು ಕೆಂಪಗಿದ್ದದ್ದನ್ನು ಎರಡು ಸಲ ತಟ್ಟಿದೆ. ನಿಂತಿತು. ಅವನು ಎಲ್ಲಿ ಒತ್ತಿದೆ, ನನ್ನ ಬೆರಳು ಹಿಡಿದು ತೋರಿಸು ಅಂದ. ಆಮೇಲೆ ನನ್ನ ತೋಳು ಮುಟ್ಟಿದ, ಒದ್ದೆ ಅಂಗಿ ಮುಟ್ಟಿದ, ಪಂಚೆಯ ಜರಿ ಮುಟ್ಟಿದ. ಮದುವೆಗೆ ಹೊರಟಿದ್ದೆಯಾ ಎಂದು ಕೇಳಿ, ಜಗಲಿಯ ಕಂಬ ಹಿಡಿದುಕೊಂಡು ನಗತೊಡಗಿದ. ರತ್ನಮ್ಮ ಒಳಗಿಂದ ಓಡಿ ಬಂದರು. ಮದುವೆ ನನಗೆ ತಪ್ಪಿತು. ಹೆಂಡತಿಗೆ ಹೇಳಿದ ಕಾರಣವನ್ನು ಆಕೆ ಇವತ್ತಿಗೂ ನಂಬಿಲ್ಲ, ನನ್ನ ಹಿಂದಿನ ಚರಿತ್ರೆ ಹಾಗಿದೆ.

ಬಟ್ಟೆ ಒಣಗುವವರೆಗೆ ನಿಂಗಣ್ಣನ ಪಂಚೆ ಉಟ್ಟು ಕೂತಿದ್ದಾಗ ನಾನು ತಪ್ಪಾಯಿತು ಅಂದೆ. ಅವನು ನನ್ನ ಕಡೆಗೆ ಮುಖ ತಿರುಗಿಸಿದ.

"ಕತೆ ಯೋಳು, ಬ್ಯಾಡ ಅನ್ನಕಿಲ್ಲ. ಕತೆ ಅಂತ ಯೋಳ್ಬುಟ್ಟು ಯೋಳು."

ಅದಾದ ಮೇಲೆ ಆ ಆರು ಬಟನ್ನುಗಳ ಬೆನ್ನು ಹತ್ತಿದೆವು. ಆ ಫೋನಿನಲ್ಲಿ ಬೇಕಾದ ಬಟನ್ನಿಗೆ ನಾವೇ ಹೆಸರಿಡಬಹುದು ಎಂದು ಸುಧಾ ಹೇಳಿಕೊಟ್ಟಳು. ನಾನು ಹಳೆಯ ಚಡ್ಡಿ ತೊಟ್ಟು ಹೊಲದಲ್ಲಿ ನಿಂತು, ಅವನು ಒಂದೊಂದೇ ಒತ್ತಿದಾಗ ಏನಾಯಿತು ಎಂದು ಬಸ್‌ಸ್ಟ್ಯಾಂಡಿನ ದನಿಯಲ್ಲಿ ಕೂಗುತ್ತಿದ್ದೆ. ಆರಕ್ಕೂ ನಾಮಕರಣವಾಯಿತು. ಹದಿನೈದು ದಿನಕ್ಕೆ ಕಂಪನಿಯವರು ಆ್ಯಪನ್ನು ಹೊಸದು ಮಾಡಿದರು, ನಮ್ಮ ಹೆಸರೆಲ್ಲ ಅಳಿಸಿಹೋಯಿತು. ಮತ್ತೆ ಚಡ್ಡಿ, ಮತ್ತೆ ಹೊಲ. ಮತ್ತೆ ಅಳಿಸಿತು. ಮೂರನೆಯ ಸಲ ನಿಂಗಣ್ಣ, ಇದು ನಾವು ಮಾಡುವ ಕೆಲಸವಲ್ಲ, ಅವರದು ಎಂದು ಕಂಪನಿಗೇ ಫೋನು ಮಾಡಿದ.

ಎತ್ತಿದವನು, 'ಕೆಂಪು ಬಟನ್ ಒತ್ತಿ ಸಾರ್' ಅಂದ. ಕೆಂಪು ಯಾವ ಕಡೆ ಕೂತಿದೆಯಪ್ಪ ಎಂದು ನಿಂಗಣ್ಣ ಕೇಳಿದ. ಕೆಂಪಗಿರೋದೇ ಸಾರ್ ಅಂದ. ಹೀಗೆ ಐದು ದಿನ ಐದು ಜನ. ಆರನೆಯ ದಿನ ಫೋನು ಮೇಘನಾ ಎಂಬ ಇಂಜಿನಿಯರ್ ಹುಡುಗಿಗೆ ಹೋಯಿತು, ಆ ಆ್ಯಪು ಮಾಡಿದವಳೇ. ಆಕೆ ಬಹಳ ವಿನಯದಿಂದ, ಎಲ್ಲ ಸರಿಯಾಗಿಯೇ ಕೆಲಸ ಮಾಡುತ್ತಿದೆಯಲ್ಲ ಸಾರ್ ಅಂದಳು.

"ನಿನ್ ಫೋನ್ನಾಗೂ ಈ ಮಾತಾಡೋದು ಅದೆ ಕಣವ್ವ. ಅದ್ನ ಎಬ್ಬಿಸ್ಬುಟ್ಟು, ಕಣ್ ಮುಚ್ಕಂಡು ಒಂದ್ ಸಲ ನಮ್ ಮೋಟ್ರ ನಿಲ್ಸು ನೋಡವ. ನಾನು ಕಾಯ್ತೀನಿ."

ಆಕೆ ಮಾಡಿದಳು. ಫೋನಿನ ಆ ಕಡೆಯಿಂದ ಬಟನ್, ಬಟನ್, ಬಟನ್ ಎನ್ನುವುದು ನಮಗೆ ಕೇಳಿಸಿತು. ಮೊದಲು ಆಕೆ ನಕ್ಕಳು. ಸ್ವಲ್ಪ ಹೊತ್ತಿಗೆ ನಗು ನಿಂತಿತು. ಮತ್ತೂ ಸ್ವಲ್ಪ ಹೊತ್ತು ಬಟನ್, ಬಟನ್. ಕೊನೆಗೆ, ಸಾರ್, ಇವುಗಳಿಗೆ ಏನಂತ ಹೆಸರಿಡಲಿ, ನೀವೇ ಹೇಳಿ ಎಂದು ಕೇಳಿದಳು. ನಾನು ಪಕ್ಕದಿಂದ 'ಮೋಟಾರ್ ಚಾಲನೆ, ಮೋಟಾರ್ ಸ್ಥಗಿತ' ಎಂದು ಉಸುರಿದೆ. ನಿಂಗಣ್ಣ ನನ್ನ ಬಾಯಿಗೆ ಕೈ ಅಡ್ಡ ಇಟ್ಟು ತನ್ನ ಪಟ್ಟಿ ಕೊಟ್ಟ.

ಒಂದೂವರೆ ತಿಂಗಳ ಮೇಲೆ, ಕಾಫಿ ಕುಡಿಯುತ್ತಿದ್ದಾಗ, ಆ್ಯಪು ಹೊಸದಾಯಿತು ಎಂದು ಫೋನು ಹೇಳಿತು. ಅಷ್ಟರಲ್ಲಿ, ನಿಂಗಣ್ಣ ಒಂದೊಂದೇ ಮಾತು ಬಿಡಿಸಿ ಹೇಳಿಕೊಟ್ಟು, ಆ ಹುರಿಗಡಲೆ ನನಗೂ ಕನ್ನಡವಾಗಿ ಕೇಳತೊಡಗಿತ್ತು. ನಿಂಗಣ್ಣ ಲೋಟ ಕೆಳಗಿಟ್ಟು ಬೆರಳು ಒರೆಸಿಕೊಂಡು ಗಾಜಿನ ಮೇಲಿಟ್ಟ. ಸಕ್ರಿಯಗೊಳಿಸು ಎಂದು ಗ್ರಂಥದ ಹಾಗೆ ಮಾತಾಡುತ್ತಿದ್ದ ಆ ಮರ್ಯಾದಸ್ಥ ಹೆಂಗಸು, ಅದೇ ಗಂಭೀರ ದನಿಯಲ್ಲಿ, 'ಓಡ್ಸು' ಅಂದಳು. ಪಕ್ಕಕ್ಕೆ ಸರಿಸಿದ. 'ನಿಲ್ಸು.' ಕೆಳಗೆ. 'ಕರೆಂಟು ಬಂದದಾ ನೋಡು.' ನಾವಿಬ್ಬರೂ ಕುಣಿದೆವು ಅಂದರೆ ನೀವು ಅಲಂಕಾರಕ್ಕೆ ಹೇಳಿದೆ ಅಂದುಕೊಳ್ಳಬಹುದು. ಇಲ್ಲ, ಜಗಲಿಯ ಮೇಲೆ ಕೈ ಕೈ ಹಿಡಿದು, ಅರವತ್ತು ದಾಟಿದ ನಾವು ಕುಣಿದೆವು. ಕಾಫಿ ಲೋಟ ಉರುಳಿತು. ನಾನು ಫೋನು ನೋಡಿದರೆ ಪರದೆಯ ಮೇಲೆ ಮೊದಲಿನ ಕೆಂಪು ಹಸಿರೇ ಇತ್ತು, ಒಂದಕ್ಷರವೂ ಇರಲಿಲ್ಲ. ಆ ಹೆಸರುಗಳು ಕೇಳುವವರಿಗೆ ಮಾತ್ರ. ಆ ಡಬ್ಬಿ ಹಾಕಿಸಿಕೊಂಡ ಎಷ್ಟೋ ರೈತರ ಫೋನಿನೊಳಗೆ ಅರಕೆರೆಯ ಮಾತು ಈಗ ಕೂತಿದೆ, ನೋಡುವವರಿಗೆ ಅದರ ಸುಳಿವೇ ಇಲ್ಲ.

ಮೊನ್ನೆ ರತ್ನಮ್ಮನವರಿಗೆ ಬಟ್ಟೆ ಒಗೆಯುವ ಮಿಷನ್ನು ತರಬೇಕೆಂದು ನಾವಿಬ್ಬರೂ ಪಾಂಡವಪುರದ ಒಂದು ಅಂಗಡಿಗೆ ಹೋದೆವು. ಮನೆಯಲ್ಲಿ ಒಗೆಯುವವನು ಇನ್ನು ಮೇಲೆ ತಾನೇ ಎಂದು ನಿಂಗಣ್ಣ ಮಾತು ಕೊಟ್ಟಿದ್ದ. ಟೈ ಕಟ್ಟಿದ ಸೇಲ್ಸ್‌ಮನ್ನು ನಿಂಗಣ್ಣನ ಕೋಲು ನೋಡಿ, ನನ್ನ ಕಡೆ ತಿರುಗಿ, ಇವರಿಗೆ ಎಂಥದ್ದು ಬೇಕಂತೆ ಸಾರ್ ಎಂದು ಕೇಳಿದ. ಅವರನ್ನೇ ಕೇಳಪ್ಪ ಅಂದೆ. ಹೂಂ ಅಂದವನು, ಇವರಿಗೆ ಬಟನ್ ಒತ್ತೋಕೆ ಬರುತ್ತಾ ಸಾರ್ ಎಂದು ಮತ್ತೆ ನನ್ನನ್ನೇ ಕೇಳಿದ. ಒಳ್ಳೆಯವನೇ, ಕಣ್ಣು ಸಿಕ್ಕ ಕಡೆಗೆ ಮಾತು ಹೋಗುತ್ತದೆ, ಅಷ್ಟೇ. ನಾಲ್ಕು ವರ್ಷ ನಾನು ಮಾಡಿದ್ದೂ ಅದಕ್ಕಿಂತ ಬಹಳ ಬೇರೆಯದೇನಲ್ಲ.

ಏನು ಮಾಡಬೇಕೆಂದು ತೋಚದೆ ನಾನು ಕಣ್ಣು ಮುಚ್ಚಿಕೊಂಡೆ. ಗಟ್ಟಿಯಾಗಿ, ಅವನಿಗೆ ಕಾಣುವ ಹಾಗೆ. ಅವನ ಮಾತು ಅರ್ಧಕ್ಕೆ ನಿಂತಿತು. ಅಂಗಡಿಯ ಟಿವಿಗಳು ಒಂದೊಂದು ಹಾಡುತ್ತಿದ್ದವು. ಸ್ವಲ್ಪ ಹೊತ್ತಿನ ಮೇಲೆ ಅವನ ಬೂಟು ಕಿರ್ ಎಂದು ತಿರುಗಿತು. "ಸಾರ್, ನಿಮಗೆ ಎಂಥದ್ದು ಬೇಕು?" ಎಂದು ಅವನು ಕೇಳಿದ್ದೂ, ಮೊದಲು ನನ್ನ ಕೈಯನ್ನ ಅದರ ಮೇಲೆ ಇಡಪ್ಪ ಎಂದು ನಿಂಗಣ್ಣ ಹೇಳಿದ್ದೂ ಕೇಳಿಸಿತು. ಆ ಹುಡುಗ ತಡವರಿಸುತ್ತ, ಎಡಗಡೆ ದುಂಡಗೆ ತಿರುಗೋದೊಂದಿದೆ ಸಾರ್, ಪಕ್ಕದಲ್ಲಿ ಬಟನ್ನಿಲ್ಲ, ಮುಟ್ಟೋ ಬರೀ ಗಾಜು ಎಂದು ಬಾಯಿಮಾತಿನಲ್ಲಿ ವಿವರಿಸತೊಡಗಿದ. ತಿರುಗಣೆ ಟಕ್ ಟಕ್ ಎಂದಿತು. ಗಾಜಿನದು ಬೇಡ, ಹೀಗೆ ತಿರುಗಿಸುವಂಥದ್ದು ಇನ್ನೊಂದು ತೋರಿಸು ಅಂದ ನಿಂಗಣ್ಣ. ಒಂದು ಮಿಷನ್ನಿನಿಂದ ಇನ್ನೊಂದಕ್ಕೆ ಅವರ ದನಿಗಳು ದೂರ ದೂರ ಹೋದವು. ಹುಡುಗನ ತಡವರಿಕೆ ಕಡಿಮೆಯಾಯಿತು, ಒಂದು ಕಡೆ ಇಬ್ಬರೂ ನಕ್ಕರು. ನನ್ನನ್ನು ಇಬ್ಬರೂ ಮರೆತೇಬಿಟ್ಟರು. ನಾನು ಅಂಗಡಿಯ ನಟ್ಟನಡುವೆ ಕಣ್ಣು ಮುಚ್ಚಿಕೊಂಡು ಒಬ್ಬನೇ ನಗುತ್ತ ನಿಂತಿದ್ದೆ. ಯಾರೋ ಹೆಂಗಸು ಹತ್ತಿರ ಬಂದು ತೋಳು ಮುಟ್ಟಿ, ಯಜಮಾನ್ರೇ, ಕೂತ್ಕೊಳಕ್ಕೆ ಕುರ್ಚಿ ಕೊಡಿಸಲಾ ಎಂದು ಕೇಳಿದರು.

ಬೇಡಮ್ಮ, ಇಲ್ಲಿಂದ ಚೆನ್ನಾಗಿ ಕೇಳಿಸ್ತಾ ಇದೆ ಅಂದೆ.